ಸೆತ್ತೀಮ್ಯೊನ ಮಗಳು ಕಲಿಸಿದ ಇಂಗ್ಲಿಷ್

ದೆಲ್ಫೀನಾ ನನಗೆ ಬೇಕಾದವಳಾಗಿದ್ದಳು ಎಂದು ಇದನ್ನು ಓದುವವರು ತಿಳಿಯಬಾರದು. ನಮ್ಮ ಬೆಟ್ಟದೂರು ಮೊಂತೆಸ್ಪೀನೊದ ಶಾಲೆಯಲ್ಲಿ ಹನ್ನೆರಡು ವರ್ಷ ನಮ್ಮಿಬ್ಬರ ಕೋಣೆಗಳ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಮಾತ್ರ. ಈ ಕಡೆ ನಾನು ಉಕ್ತಲೇಖನ ಹೇಳುತ್ತಿದ್ದರೆ ಆ ಕಡೆ ಅವಳು ಬಿಸ್ಕತ್ತಿನ ತಗಡು ಡಬ್ಬಿ ಬಡಿಯುತ್ತ ಮಕ್ಕಳಿಂದ ಇಂಗ್ಲಿಷ್ ಹಾಡು ಹಾಡಿಸುತ್ತಿದ್ದಳು. ನನ್ನ ಮಕ್ಕಳು ಬರೆಯುವುದನ್ನು ಬಿಟ್ಟು ಕಾಲು ಕುಣಿಸುತ್ತಿದ್ದರು. ಒಮ್ಮೆ ಹೋಗಿ ಕೇಳಿದೆ, ಸ್ವಲ್ಪ ಮೆಲ್ಲಗೆ ಆಗದೇ ಎಂದು.

"ಗೋಡೆ ತೆಳು ಇದ್ರೆ ಪುರಸಭೆಗೆ ಅರ್ಜಿ ಹಾಕು, ಲೋರೆತಾ. ಗೋಡೆ ಕಟ್ಟಿದೋಳು ನಾನಲ್ಲ," ಅಂದಳು. ಅಲ್ಲಿಂದ ಮುಂದೆ ಡಬ್ಬಿಯ ಸದ್ದು ಇನ್ನೂ ಜೋರಾಯಿತು.

ಅವಳು ಯಾರಿಗೂ ತಾನಾಗಿ ನಮಸ್ಕಾರ ಹೇಳಿದವಳಲ್ಲ. ಹಬ್ಬಕ್ಕೆ ತಾಯಂದಿರು ಎಲ್ಲ ಟೀಚರುಗಳಿಗೂ ಸಿಹಿ ರೊಟ್ಟಿ ಕಳಿಸಿದರೆ ತನ್ನ ಪಾಲನ್ನು ಕಸ ಗುಡಿಸುವವಳಿಗೆ ಕೊಟ್ಟುಬಿಡುತ್ತಿದ್ದಳು, ಅದೂ ಕೊಟ್ಟವರ ಕಣ್ಣೆದುರಿಗೇ. ಆದರೆ ಐದು ವರ್ಷದ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಅವಳು ಕಲಿಸುತ್ತಿದ್ದ ಹಾಗೆ ಕಲಿಸಿದವರನ್ನು ನಾನು ಈ ಬೆಟ್ಟದಲ್ಲಾಗಲಿ ಕೆಳಗಿನ ಕಣಿವೆಯಲ್ಲಾಗಲಿ ನೋಡಿಲ್ಲ. ಇಷ್ಟವಿಲ್ಲದಿದ್ದರೂ ಇದನ್ನು ಬರೆಯಬೇಕು.

ಆ ವರ್ಷದ ಜಗಳ ಶುರುವಾದದ್ದು ಜನವರಿಯಲ್ಲಿ, ಎಪಿಫನಿ ಹಬ್ಬದ ರಜೆ ಮುಗಿದ ಮರುದಿನ. ಮರೂಸ್ಕಾ ತನ್ನ ಮಗಳು ಕ್ಲೇಲ್ಯಾಳ ನೋಟ್‌ಬುಕ್ ಹಿಡಿದುಕೊಂಡು ನೇರ ದೆಲ್ಫೀನಾಳ ಕೋಣೆಗೆ ಬಂದಳು, ನಾನೂ ಅಲ್ಲೇ ಇದ್ದೆ. ಮರೂಸ್ಕಾ ಕೆಳಗಿನ ಪೊಂತೆಲಾಗೊ ಪಟ್ಟಣದವಳು, ನಮ್ಮೂರಿಗೆ ಮದುವೆಯಾಗಿ ಬಂದವಳು. ಈಗಲೂ ಅಲ್ಲೇ ಒಂದು ಸಲೂನಿನಲ್ಲಿ ಹೆಂಗಸರ ಕೂದಲಿಗೆ ಬಣ್ಣ ಹಾಕುವ ಕೆಲಸ. ಶಿಶುವಿಹಾರದ ತಾಯಂದಿರ ಪ್ರತಿನಿಧಿಯೂ ಅವಳೇ, ಅವರ ಫೋನ್ ಗುಂಪಿನ ಒಡತಿಯೂ ಅವಳೇ.

ನೋಟ್‌ಬುಕ್ಕನ್ನು ಮೇಜಿನ ಮೇಲೆ ರಪ್ಪೆಂದು ಹಾಕಿದಳು. "ನೋಡಿ ಟೀಚರ್, ಸೆಪ್ಟೆಂಬರಿನಿಂದ ಇಲ್ಲೀವರೆಗೆ ಎಷ್ಟು ಪುಟ? ನಾಲ್ಕು. ಅದರಲ್ಲಿ ಒಂದು ಬರೀ ಬಣ್ಣ ಬಳಿದಿರೋದು. ನನ್ನ ಅಕ್ಕನ ಮಗ ಕೆಳಗಿನ ಶಾಲೇಲಿ ಓದ್ತಾನೆ. ಎರಡನೇ ನೋಟ್‌ಬುಕ್ ಮುಗೀತಾ ಇದೆ."

"ಅವನಿಗೆ ಎಷ್ಟು ಪದ ಬರುತ್ತೆ?" ಎಂದಳು ದೆಲ್ಫೀನಾ. ತಲೆ ಎತ್ತಲಿಲ್ಲ, ರಟ್ಟು ಕತ್ತರಿಸುತ್ತಿದ್ದಳು.

"ಪುಟ ತುಂಬಿದೆ ಅಂದೆನಲ್ಲ."

"ಪುಟಕ್ಕೆ ಬರುತ್ತೆ. ಹುಡುಗನಿಗೆ ಎಷ್ಟು ಬರುತ್ತೆ ಅಂತ ಕೇಳಿದ್ದು."

ಮರೂಸ್ಕಾ ಕೆಂಪಾದಳು. "ನಿಮ್ಮ ಹಾಡು ಕುಣಿತ ನೋಡೋಕೆ ನಾನು ಮಗಳನ್ನ ಕಳಿಸ್ತಿಲ್ಲ. ಮನೇಲಿ ಈ ನೋಟ್‌ಬುಕ್ ತೋರಿಸಿ ಅವಳ ಅಪ್ಪನಿಗೆ ಏನಂತ ಹೇಳ್ಲಿ? ತಿಂಗಳ ಕೊನೇವರೆಗೆ ಟೈಮಿದೆ. ಪಾಠ ಅಂದ್ರೆ ಪಾಠದ ಥರ ಮಾಡಿ. ಇಲ್ದಿದ್ರೆ ಕ್ಲೇಲ್ಯಾನ ಕೆಳಗಿನ ಶಾಲೆಗೆ ಹಾಕ್ತೀನಿ. ಅವಳೊಬ್ಬಳೇ ಅಲ್ಲ, ಬೇರೆ ಮನೆಯವರೂ ನನ್ನ ಹಿಂದೆ ಬರ್ತಾರೆ."

ತಿಂಗಳ ಕೊನೆ ಅಂದರೇನೆಂದು ಮೂವರಿಗೂ ಗೊತ್ತಿತ್ತು. ಮುಂದಿನ ಸೆಪ್ಟೆಂಬರಿಗೆ ಒಂದನೇ ತರಗತಿಗೆ ಹೆಸರು ಹಚ್ಚುವುದು ಜನವರಿ ಮೂವತ್ತೊಂದಕ್ಕೆ ಮುಗಿಯುತ್ತದೆ. ಎಂಟು ಹೆಸರಾದರೂ ಇಲ್ಲದಿದ್ದರೆ ಬೆಟ್ಟದ ಶಾಲೆಗೆ ಒಂದನೇ ತರಗತಿ ಕೊಡುವುದಿಲ್ಲ ಎಂದು ಪೊಂತೆಲಾಗೊದಲ್ಲಿ ಕೂರುವ ನಮ್ಮ ಮುಖ್ಯೋಪಾಧ್ಯಾಯರು ಆಗಲೇ ಹೇಳಿದ್ದರು. ಶಿಶುವಿಹಾರದಲ್ಲಿ ಐದು ತುಂಬಿದ ಮಕ್ಕಳಿದ್ದದ್ದು ಒಂಬತ್ತು. ನನ್ನ ಕೋಣೆಯಲ್ಲಿ ಮೇಲಿನ ತರಗತಿಗಳೆಲ್ಲ ಒಟ್ಟಿಗೇ ಇದ್ದವು, ನನ್ನ ಕೆಲಸಕ್ಕೆ ಭಯವಿರಲಿಲ್ಲ. ಶಿಶುವಿಹಾರದ ಜೊತೆ ಒಂದನೇ ತರಗತಿಗೂ ಪಾಠ ಮಾಡುವವಳು ದೆಲ್ಫೀನಾ; ಅದು ಹೋದರೆ ಅವಳಿಗೆ ಮಾತ್ರ ಪೂರಾ ಕೆಲಸಕ್ಕಾಗುವಷ್ಟು ಗಂಟೆಗಳೇ ಉಳಿಯುತ್ತಿರಲಿಲ್ಲ. ಐವತ್ತೇಳು ವರ್ಷದವಳನ್ನು ಕಣಿವೆಗೆ ಇಳಿಸುತ್ತಿದ್ದರು.

ಅವಳಿಗೆ ಇದು ಎಂಥ ಸಂಗತಿ ಎಂದು ತಿಳಿಯಬೇಕಾದರೆ ಹಿಂದಿನದನ್ನು ಹೇಳಬೇಕು.

ದೆಲ್ಫೀನಾಳ ಅಪ್ಪ ಸೆತ್ತೀಮ್ಯೊ ಚಳಿಗಾಲದಲ್ಲಿ ಮನೆಮನೆಗೆ ಹೋಗಿ ಹಂದಿ ಕೊಯ್ದು ಕೊಡುತ್ತಿದ್ದವನು. ನಮ್ಮ ಬೆಟ್ಟದ ಮನೆಗಳಿಗೆ ಹಂದಿ ಕೊಯ್ಯುವವರ ಮೇಲೆ ಎಂದೂ ನಂಬಿಕೆಯಿರಲಿಲ್ಲ. ಒಂದು ಹಂದಿ ಎಂದರೆ ವರ್ಷದ ಮಾಂಸ. ಕೊಯ್ಯುವವನ ಚೀಲದಲ್ಲಿ ಒಂದು ತುಂಡು ಹೋದರೂ ಯಾರಿಗೆ ತಿಳಿಯಬೇಕು? ಹಾಗಾಗಿ ಇಲ್ಲಿ ಒಂದು ಪದ್ಧತಿ ಬಿದ್ದಿತ್ತು. ತುಂಡು ಬೇರೆಯಾದ ಕೂಡಲೇ ಕೊಯ್ಯುವವನು ಅದರ ಹೆಸರನ್ನು ರಾಗವಾಗಿ ಕೂಗಬೇಕು. ಮನೆಯೊಡತಿ ಆ ತುಂಡನ್ನು ಮುಟ್ಟಿ, "ನನ್ನ ಹತ್ರ ಇದೆ" ಎಂದು ಅದೇ ರಾಗದಲ್ಲಿ ಉತ್ತರ ಕೊಡಬೇಕು. ಕಿವಿ, ನನ್ನ ಹತ್ರ ಇದೆ. ಕೆನ್ನೆ, ನನ್ನ ಹತ್ರ ಇದೆ. ಉತ್ತರ ಬಂದ ಮೇಲೆ ಆ ತುಂಡು ಅವನ ಜವಾಬ್ದಾರಿಯಲ್ಲ. ದೂರದಿಂದ ಕೇಳಿದವರಿಗೆ ಅದು ಹಾಡು. ಆದರೆ ಅದು ಹುಟ್ಟಿದ್ದು ಅನುಮಾನದಿಂದ.

ಏಳನೇ ವರ್ಷದಿಂದ ದೆಲ್ಫೀನಾ ಅಪ್ಪನ ಜೊತೆ ಹೋಗುತ್ತಿದ್ದಳು. ಬಿಸಿನೀರು ತರುವುದು, ಉಪ್ಪು ಹಿಡಿಯುವುದು. ಹನ್ನೊಂದು ವರ್ಷದವಳಿದ್ದಾಗ ಒಂದು ದಿನ ಅವರು ಝೈರಾ ಎಂಬವಳ ಮನೆಯಲ್ಲಿದ್ದರು. ಝೈರಾಗೆ ಆಗ ಮೂವತ್ತನಾಲ್ಕು ವರ್ಷ, ಊರ ಮೇಲಿನ ಕೇರಿಯಲ್ಲಿ ಅವಳ ಮಾತೇ ಮಾತು. ಸಂಜೆಗೆ ಮಾಂಸ ಉಪ್ಪಿಗೆ ಹಾಕುವಾಗ ಬೆನ್ನಿನ ಉದ್ದ ತುಂಡು ಒಂದು ಕಡಿಮೆ ಬಿತ್ತು. ಇಡೀ ಹಂದಿಯಲ್ಲಿ ಅತಿ ಬೆಲೆಬಾಳುವುದು ಅದೇ. ಝೈರಾ ಚೌಕಕ್ಕೆ ಬಂದು ನಿಂತು ಸೆತ್ತೀಮ್ಯೊ ಕಳ್ಳ ಎಂದು ಕೂಗಿದಳು.

"ನಾನು ಕೂಗಿದೆ, ನೀನು ಮುಟ್ಟಿದೆ, ಇದೆ ಅಂದೆ," ಎಂದ ಸೆತ್ತೀಮ್ಯೊ.

"ಆ ತುಂಡಿಗೆ ನಾನು ಉತ್ತರ ಕೊಡಲೇ ಇಲ್ಲ," ಎಂದಳು ಝೈರಾ.

ಉತ್ತರವನ್ನು ಕೇಳಿಸಿಕೊಂಡಿದ್ದ ಮೂರನೆಯವಳು ದೆಲ್ಫೀನಾ ಒಬ್ಬಳೇ. ಅವಳು ಬಾಯಿ ತೆರೆದದ್ದಕ್ಕೆ, "ಕಳ್ಳನ ಮಗಳು ಸಾಕ್ಷಿಯಂತೆ!" ಎಂದು ಜನ ನಕ್ಕರು. ಮುಂದಿನ ಚಳಿಗಾಲ ನಮ್ಮೂರಲ್ಲಿ ಒಂದು ಮನೆಯೂ ಸೆತ್ತೀಮ್ಯೊನನ್ನು ಕರೆಯಲಿಲ್ಲ. ನಮ್ಮ ಮನೆಯೂ ಕರೆಯಲಿಲ್ಲ. ಅವನು ಕದ್ದಿದ್ದಾನೆಂದು ನಮ್ಮಪ್ಪನಿಗೆ ಅನ್ನಿಸಿರಲಿಲ್ಲವಂತೆ, ಝೈರಾಳ ಬಾಯಿಗೆ ಹೆದರಿದ್ದು ಅಷ್ಟೇ, ಎಂದು ಅಮ್ಮ ಆಮೇಲೆ ಹೇಳಿದಳು. ಸೆತ್ತೀಮ್ಯೊ ಹಿಮದಲ್ಲಿ ಎರಡು ಗಂಟೆ ನಡೆದು ಬೆಟ್ಟದ ಆಚೆ ಬದಿಯ ಊರುಗಳಿಗೆ ಹೋಗಿ ಕೊಯ್ದ, ಸಾಯುವವರೆಗೂ. ಆ ತುಂಡು ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ದೆಲ್ಫೀನಾ ಓದಿ ಟೀಚರ್ ತರಬೇತಿ ಮುಗಿಸಿದಳು. ಕೆಲಸ ಸಿಗದೆ ಇಂಗ್ಲೆಂಡಿಗೆ ಹೋಗಿ ಎರಡು ವರ್ಷ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದಳು. ಅಲ್ಲಿನ ದೊಡ್ಡ ಅಡುಗೆಯವಳು ಬೇಕಾದ ವಸ್ತುವಿನ ಹೆಸರು ಕೂಗುತ್ತಿದ್ದಳಂತೆ, ತಪ್ಪು ವಸ್ತು ತಂದರೆ ಅದನ್ನೇ ಇವಳ ಕಡೆ ಎಸೆಯುತ್ತಿದ್ದಳಂತೆ. "ಮೂರು ತಿಂಗಳಿಗೆ ನಾನೂರು ಪದ, ಹಣೆ ಮೇಲೆ ಎರಡು ಗಾಯ. ಕಲಿಯೋಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ," ಅನ್ನುತ್ತಿದ್ದಳು. ಹಿಂತಿರುಗಿದ ಮೇಲೆ ಇಪ್ಪತ್ತೆರಡು ವರ್ಷ ಬದಲಿ ಟೀಚರ್. ಪ್ರತಿ ಸೆಪ್ಟೆಂಬರಿನಲ್ಲಿ ಪಟ್ಟಿಯಲ್ಲಿ ತನ್ನ ನಂಬರು ನೋಡಿಕೊಂಡು, ಕಳಿಸಿದ ಊರಿಗೆ ಹೋಗುವುದು. ನಲವತ್ತೈದಕ್ಕೆ ಕಾಯಂ ಆಯಿತು. ಆಗ ಎಲ್ಲಿ ಬೇಕೆಂದು ಕೇಳಿದರೆ ಅವಳು ಬರೆದುಕೊಟ್ಟ ಊರು ಒಂದೇ, ತನ್ನಪ್ಪನನ್ನು ಹೊರಗೆ ಹಾಕಿದ ಮೊಂತೆಸ್ಪೀನೊ.

ಮರೂಸ್ಕಾ ಆ ಝೈರಾಳ ಸೊಸೆ. ಕ್ಲೇಲ್ಯಾ ಮೊಮ್ಮಗಳು.

ಈ ಎಲ್ಲವೂ ಪಾಠದೊಳಗೆ ಹೇಗೆ ಸೇರಿಕೊಂಡಿತ್ತೆಂದು ನನಗೂ ತಡವಾಗಿ ತಿಳಿದದ್ದು. ಪ್ರತಿ ಜನವರಿಯಲ್ಲಿ ಅವಳು ದೇಹದ ಭಾಗಗಳನ್ನು ಕಲಿಸುತ್ತಿದ್ದಳು. ಪುಸ್ತಕದಲ್ಲಿ ಇರುವುದು ಆರು ಪದ, ಜೊತೆಗೆ ನಗುವ ಮುಖದ ಒಂದು ಚಿತ್ರ. ಅವಳು ಉದ್ದ ಮೇಜಿನ ಮೇಲೆ ಕಂಬಳಿ ಹಾಸಿ ಒಂದು ಮಗುವನ್ನು ಮಲಗಿಸುತ್ತಿದ್ದಳು. ಆ ಮಗು ಹಂದಿ. ಉಳಿದವರು ನೀಲಿ ಅಂಗಿ ತೊಟ್ಟು ಸುತ್ತ ನಿಲ್ಲಬೇಕು. ಅವಳು ರಾಗವಾಗಿ ಒಂದು ಪದ ಕೂಗುತ್ತಾಳೆ. ಸರದಿ ಇದ್ದ ಮಗು ಆ ಜಾಗ ಮುಟ್ಟಿ, "ಐ ಹ್ಯಾವ್ ಇಟ್!" ಎಂದು ಹಾಡಬೇಕು. ಆಗ ಆ ಭಾಗದ ರಟ್ಟಿನ ಚೀಟಿ ಮುಟ್ಟಿದ ಮಗುವಿನ ಎದೆಗೆ ಅಂಟುತ್ತದೆ. ಯಾರಾದರೂ ಮರೆತು ನಿಂತರೆ ಬಯ್ಯುವಂತಿಲ್ಲ, ನಗುವಂತಿಲ್ಲ, ಎಲ್ಲರೂ ಸೇರಿ ಉತ್ತರ ಕೂಗಿಕೊಡಬೇಕು. ಪಕ್ಕದವರು ಅವನ ಕೈ ಹಿಡಿದು ಮುಟ್ಟಿಸಬೇಕು. ಬೆಟ್ಟದ ಮಕ್ಕಳು ಹಂದಿ ಕೊಯ್ಯುವುದನ್ನು ನೋಡಿಯೇ ಬೆಳೆದವರು, ಯಾವ ಭಾಗ ಎಲ್ಲಿದೆ ಎಂದು ಹೇಳಿಕೊಡಬೇಕಾಗಿರಲಿಲ್ಲ. ಒಂದು ವಾರಕ್ಕೆ ಇಪ್ಪತ್ತೆರಡು ಪದ ಅವರ ಬಾಯಲ್ಲಿರುತ್ತಿದ್ದವು. ಮಂಡಿ, ಭುಜ, ಹಿಮ್ಮಡಿ, ಪಿತ್ತಜನಕಾಂಗ, ಮೂತ್ರಪಿಂಡ. ನನ್ನ ಹತ್ತು ವರ್ಷದ ಮಕ್ಕಳಿಗೆ ಇಟಾಲಿಯನ್ನಿನಲ್ಲೇ ಅಷ್ಟು ಬರುತ್ತಿರಲಿಲ್ಲ.

ಹೆಸರು ಹಚ್ಚುವ ಮೊದಲು ತಂದೆತಾಯಿಗಳು ಬಂದು ಪಾಠ ನೋಡುವ ದಿನವೊಂದಿರುತ್ತದೆ. ಆ ವರ್ಷ ಅದು ಇಪ್ಪತ್ತೈದನೇ ತಾರೀಕು, ಶನಿವಾರ ಬೆಳಿಗ್ಗೆ. ಹಿಂದಿನ ದಿನ ಮುಖ್ಯೋಪಾಧ್ಯಾಯರು ಫೋನ್ ಮಾಡಿ, ಹಣ್ಣುಗಳ ಹಾಡು ಹಾಡಿಸಿ, ತಲೆಗೆ ಸೇಬು ಬಾಳೆಹಣ್ಣಿನ ಟೋಪಿ ಹಾಕಿಸಿ, ಎಲ್ಲರಿಗೂ ಒಂದೊಂದು ಹಾಳೆ ಮನೆಗೆ ಕೊಟ್ಟು ಕಳಿಸಿ ಎಂದು ಹೇಳಿದ್ದರು. ದೆಲ್ಫೀನಾ ಆಗಲಿ ಎಂದಿದ್ದಳು. ಟೋಪಿಗಳೂ ಸಿದ್ಧವಾಗಿದ್ದವು. ನಾನೇ ಕಣ್ಣಾರೆ ನೋಡಿದ್ದೆ, ಬಾಳೆಹಣ್ಣು ಚೆನ್ನಾಗಿ ಬಂದಿತ್ತು.

ಶನಿವಾರ ಬೆಳಿಗ್ಗೆ ಒಳಗೆ ಕಾಲಿಟ್ಟರೆ ಮೇಜಿನ ಮೇಲೆ ಕಂಬಳಿ.

"ದೆಲ್ಫೀನಾ, ಟೋಪಿ ಎಲ್ಲಿ?"

"ಕಪಾಟಿನಲ್ಲಿದೆ. ನಿನಗೆ ಬೇಕಾದ್ರೆ ಹಾಕ್ಕೋ."

"ಹುಚ್ಚಾ ನಿನಗೆ? ಇವತ್ತು ಒಂದು ದಿನ ಹಣ್ಣು ಹಾಡಿಸಿಬಿಡು. ಒಂಬತ್ತರಲ್ಲಿ ಎಂಟು ಉಳಿದ್ರೆ ಸಾಕು. ಎರಡು ಮೂರು ಮನೆಯವರು ಇನ್ನೂ ತೂಗಾಡ್ತಾ ಇದ್ದಾರೆ, ಒಂದು ಚಂದದ ಹಾಡು ಕೇಳಿದ್ರೆ ಇಲ್ಲೇ ನಿಲ್ತಾರೆ."

ಅವಳು ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದಳು. ಅಂಗಳದಲ್ಲಿ ಮರೂಸ್ಕಾ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಒಳಗಿನಿಂದ ಕಪ್ಪು ಉಣ್ಣೆಯ ಅಂಗಿ ತೊಟ್ಟ ಝೈರಾ ಕೋಲು ಊರಿಕೊಂಡು ಇಳಿಯುತ್ತಿದ್ದಳು. ಎಂಬತ್ತು ವರ್ಷವಾದರೂ ಬೆನ್ನು ನೆಟ್ಟಗಿತ್ತು.

"ಹನ್ನೆರಡು ವರ್ಷದಿಂದ ನಾನು ಈ ಶಾಲೇಲಿದೀನಿ. ಅವಳು ಒಂದು ಸಲಾನೂ ಈ ಹೊಸ್ತಿಲು ತುಳಿದಿರಲಿಲ್ಲ," ಎಂದಳು ದೆಲ್ಫೀನಾ. "ಇವತ್ತು ಸೊಸೆ ಕರ್ಕೊಂಡು ಬಂದಿದಾಳೆ, ನನ್ನ ಹೊರಗೆ ಹಾಕೋದನ್ನ ನೋಡೋಕೆ. ನೋಡ್ಲಿ."

ಗೋಡೆಯುದ್ದಕ್ಕೂ ಪುಟ್ಟ ಕುರ್ಚಿಗಳಲ್ಲಿ ತಂದೆತಾಯಿಗಳು ಮೊಣಕಾಲು ಮಡಚಿ ಕೂತರು. ಝೈರಾಗೆ ನನ್ನ ಕೋಣೆಯಿಂದ ದೊಡ್ಡ ಕುರ್ಚಿ ತಂದುಕೊಟ್ಟೆ. ಮಕ್ಕಳಿಗೆ ಖುಷಿಯೋ ಖುಷಿ. ತೊಬೀಯಾ ಎಂಬ ದಪ್ಪ ಹುಡುಗ ಆಗಲೇ ಮೇಜಿನ ಮೇಲೆ ಹತ್ತಿ ಮಲಗಿ, ಹಂದಿಯ ಹಾಗೆ ಗುರುಗುಟ್ಟುತ್ತಿದ್ದ.

"ಇದೇನು, ಪಾಠಾನಾ ಕಸಾಯಿಖಾನೇನಾ?" ಎಂದಳು ಮರೂಸ್ಕಾ, ಎಲ್ಲರಿಗೂ ಕೇಳುವಂತೆ. ಒಂದಿಬ್ಬರು ನಕ್ಕರು.

ದೆಲ್ಫೀನಾ ಮೇಜಿನ ಬಳಿಗೆ ಬಂದಳು. ಡಬ್ಬಿ ಮುಟ್ಟಲಿಲ್ಲ. ಎರಡು ಕೈಯನ್ನೂ ಮೇಜಿನ ಅಂಚಿಗೆ ಊರಿ ಕೂಗಿದಳು. ಮೊದಲ ಪದ ತಗ್ಗಿನಲ್ಲಿ ಶುರುವಾಗಿ ಕೊನೆಯಲ್ಲಿ ಮೇಲೇರಿ ಮುರಿಯಿತು. ಸಂತೆಯಲ್ಲಿ ಹರಾಜು ಕೂಗುವವರ ಹಾಗೆ, ಆದರೆ ಇನ್ನೂ ನಿಧಾನ. ಗೋಡೆಯ ಆಚೆಯಿಂದ ಹನ್ನೆರಡು ವರ್ಷ ಅದನ್ನು ಕೇಳಿ ಕಿರಿಕಿರಿಪಟ್ಟಿದ್ದೆ. ಅದು ಯಾರ ರಾಗ ಎಂದು ನನಗೆ ಗೊತ್ತಾದದ್ದು ಝೈರಾಳ ಮುಖ ನೋಡಿದಾಗ. ಕೋಲಿನ ಮೇಲಿದ್ದ ಅವಳ ಎರಡೂ ಕೈಗಳು ಬಿಗಿದವು.

ಕಿವಿ, ಕೆನ್ನೆ, ಕತ್ತು, ಭುಜ. ಒಂದೊಂದಕ್ಕೂ ಮಗು ಮುಟ್ಟಿ ಹಾಡುತ್ತಿತ್ತು, ಚೀಟಿ ಅಂಟುತ್ತಿತ್ತು. ತೊಬೀಯಾಗೆ ಕಚಗುಳಿಯಾಗಿ ಮೇಜೇ ಅಲುಗಾಡುತ್ತಿತ್ತು. ಒಂಬತ್ತು ಮಕ್ಕಳಲ್ಲಿ ಒಬ್ಬರೂ ತಪ್ಪಲಿಲ್ಲ. ಕುರ್ಚಿಗಳಲ್ಲಿ ಕೂತವರು ಮುಂದಕ್ಕೆ ಬಾಗಿದರು. ಒಬ್ಬ ತಂದೆ ತನ್ನ ಹೆಂಡತಿಗೆ, "ನಮ್ಮವನಿಗೆ ಇಷ್ಟೆಲ್ಲ ಬರುತ್ತೇನೇ?" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಆ ಗಳಿಗೆಯಲ್ಲಿ ಎಂಟಲ್ಲ, ಒಂಬತ್ತೂ ಹೆಸರು ನಮ್ಮ ಕೈಲಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅವಳು ಅಲ್ಲಿಗೆ ನಿಲ್ಲಿಸಬಹುದಿತ್ತು.

ಅವಳು ತೊಬೀಯಾನನ್ನು ಬೋರಲು ಮಲಗಿಸಿದಳು. ಝೈರಾಳ ಕಡೆ ತಿರುಗಿದಳು. ಬೆನ್ನಿನ ಉದ್ದ ತುಂಡಿನ ಇಂಗ್ಲಿಷ್ ಹೆಸರನ್ನು ಅವಳ ಮುಖಕ್ಕೇ ಕೂಗಿದಳು.

"ಲಾಯ್ನ್!"

ಯಾವ ಮಗುವೂ ಮುಂದೆ ಬರಲಿಲ್ಲ. ಟೀಚರ್ ಅಜ್ಜಿಯನ್ನು ನೋಡುತ್ತಿದ್ದದ್ದರಿಂದ ಇದು ಅಜ್ಜಿಯ ಸರದಿ ಎಂದುಕೊಂಡರು.

ಝೈರಾ ಎದ್ದು ನಿಂತಳು. "ಸಾಕು ಮಾಡು, ಸೆತ್ತೀಮ್ಯೊ ಮಗಳೇ. ಆ ಕೂಗು ಯಾರದ್ದು ಅಂತ ನನಗೆ ಗೊತ್ತು."

"ಗೊತ್ತಿರಲೇಬೇಕು. ಅದಕ್ಕೆ ಉತ್ತರ ಕೊಟ್ಟೋಳು ನೀನೇ."

"ನಾನು ಕೊಡಲಿಲ್ಲ. ಅವತ್ತೂ ಹೇಳಿದೆ, ಇವತ್ತೂ ಹೇಳ್ತೀನಿ."

"ಮುಟ್ಟಿದೆ. ಬಲಗೈಲಿ ಮುಟ್ಟಿದೆ, ಕೈಗೆ ಉಪ್ಪು ಅಂಟಿತ್ತು. ನಾನು ನೀರಿನ ತಪ್ಪಲೆ ಹಿಡ್ಕೊಂಡು ನಿನ್ನ ಪಕ್ಕದಲ್ಲೇ ನಿಂತಿದ್ದೆ."

"ಮಕ್ಕಳ ಮುಂದೆ ಇದೇನ್ರೀ ಇದು?" ಎಂದು ಮರೂಸ್ಕಾ ಎದ್ದಳು. ಅವಳಿಗೆ ಹಳೆಯ ಕಥೆ ಗೊತ್ತಿರಲಿಲ್ಲ, ಅವಳು ಈ ಊರಲ್ಲಿ ಹುಟ್ಟಿದವಳಲ್ಲವಲ್ಲ. ಗೊತ್ತಿದ್ದ ಹಿರಿಯರು ಇಬ್ಬರೋ ಮೂವರೋ ನೆಲ ನೋಡುತ್ತ ಕೂತಿದ್ದರು.

ಅಷ್ಟರಲ್ಲಿ ತೊಬೀಯಾ ಮೇಜಿನಿಂದ ತಲೆ ಎತ್ತಿ, "ಅಜ್ಜೀ, ಮೊದ್ಲು ಮುಟ್ಬೇಕು! ಇಲ್ಲಿ, ನನ್ನ ಬೆನ್ನು!" ಎಂದ.

ಅಜ್ಜಿ ಉತ್ತರ ಮರೆತಿದ್ದಾಳೆ. ಮರೆತವರಿಗೆ ಹೇಳಿಕೊಡುವುದು ಆಟದ ನಿಯಮ. ಒಂಬತ್ತು ಮಕ್ಕಳೂ ಒಂದೇ ರಾಗದಲ್ಲಿ, ಕಿವಿ ಕಿತ್ತುಹೋಗುವಂತೆ, ಮತ್ತೆ ಮತ್ತೆ ಕೂಗಿದರು: "ಐ ಹ್ಯಾವ್ ಇಟ್! ಐ ಹ್ಯಾವ್ ಇಟ್!" ಕ್ಲೇಲ್ಯಾ ಓಡಿಹೋಗಿ ಅಜ್ಜಿಯ ಬಲಗೈ ಹಿಡಿದೆಳೆದು ತೊಬೀಯಾನ ಬೆನ್ನಿನ ಮೇಲಿಟ್ಟಳು. ಝೈರಾ ಕೈ ಕಿತ್ತುಕೊಳ್ಳಲಿಲ್ಲ, ಬಾಯಿಯೂ ತೆರೆಯಲಿಲ್ಲ. ಆಗ ಆ ಹುಡುಗಿಯೇ ಅಜ್ಜಿಯ ಪರವಾಗಿ ಹಾಡಿದಳು, "ನೊನ್ನಾ ಹ್ಯಾಸ್ ಇಟ್!", ಅಜ್ಜಿಯ ಹತ್ರ ಇದೆ, ಎಂದು. ಮೇಜಿನಿಂದ ಚೀಟಿ ತೆಗೆದು ಅಜ್ಜಿಯ ಕಪ್ಪು ಅಂಗಿಯ ಎದೆಗೆ ಅಂಟಿಸಿದಳು.

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಪಾಠದ ಭಾಗ ಎಂದುಕೊಂಡಿರಬೇಕು.

ಮರೂಸ್ಕಾ ಮಗಳ ತೋಳು ಹಿಡಿದಳು. "ಎಂಬತ್ತು ವರ್ಷದ ಮುದುಕಿಗೆ ಮಕ್ಕಳ ಕೈಲಿ ಹೀಗೆ ಮಾಡಿಸ್ತೀಯಲ್ಲ, ನೀನು ಟೀಚರಾ? ಥೂ! ಇವತ್ತಿಗೆ ಮುಗೀತು. ಬಾ ಕ್ಲೇಲ್ಯಾ. ಅತ್ತೆ, ನಡೀರಿ."

"ಮುಗಿದಿಲ್ಲಮ್ಮ, ಇನ್ನೂ ಎಂಟು ಭಾಗ ಇದೆ!" ಎಂದು ಕ್ಲೇಲ್ಯಾ ಅಳತೊಡಗಿದಳು.

ಬಾಗಿಲಲ್ಲಿ ಝೈರಾ ನಿಂತು, ಎದೆಯ ಚೀಟಿಯನ್ನು ನಿಧಾನವಾಗಿ ಕಿತ್ತು, ಎರಡಾಗಿ ಮಡಚಿ ಕೈಚೀಲದಲ್ಲಿ ಹಾಕಿಕೊಂಡಳು. ಯಾಕೆಂದು ನನಗೆ ತಿಳಿಯದು. ಹಿಂತಿರುಗಿ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ದೆಲ್ಫೀನಾ ಚೀಟಿಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿದಳು. "ಇಪ್ಪತ್ತೊಂದು," ಎಂದಳು. "ನೋಡಿದ್ಯಾ? ಈ ಸಲಾನೂ ಅವಳೇ ತಗೊಂಡು ಹೋದ್ಲು."

ನನಗೆ ನಗು ಬರಲಿಲ್ಲ. "ಒಂಬತ್ತೂ ನಿನ್ನ ಕೈಲಿದ್ವು. ಒಂದು ನಿಮಿಷದ ಮಾತಿಗೆ ಒಂದು ತರಗತಿ ಕೊಟ್ಟುಬಿಟ್ಟೆ."

"ಹೌದು, ಕೊಟ್ಟೆ."

"ತರಗತಿ ನಿನ್ನೊಬ್ಬಳದ್ದಲ್ಲ. ಆ ಮಕ್ಕಳು ಬೆಳಗಾಗೋದ್ರೊಳಗೆ ಬಸ್ಸು ಹತ್ತಬೇಕು."

"ನನ್ನಪ್ಪ ಹಿಮದಲ್ಲಿ ಎರಡು ಗಂಟೆ ನಡೀತಿದ್ದ. ಆಗ ಯಾರಾದ್ರೂ ಹೀಗೆ ಲೆಕ್ಕ ಹಾಕಿದ್ರಾ?" ಎಂದವಳೇ ಕಂಬಳಿ ಕೊಡವಿದಳು. ಧೂಳು ನನ್ನ ಮುಖಕ್ಕೇ ಬಂತು. ಬೇಕೆಂದೇ ಕೊಡವಿದ್ದೆಂದು ಈಗಲೂ ನಂಬುತ್ತೇನೆ.

ಮರೂಸ್ಕಾ ಅಂದು ಸಂಜೆಯೇ ಕಂಪ್ಯೂಟರಿನಲ್ಲಿ ಕ್ಲೇಲ್ಯಾಳ ಹೆಸರನ್ನು ಪೊಂತೆಲಾಗೊ ಶಾಲೆಗೆ ಹಚ್ಚಿದಳು. ಅವಳ ಬೆನ್ನಿಗೆ ಇನ್ನೆರಡು ಮನೆಯವರು ಹೋದರು. ಪಾಠ ನೋಡುವವರೆಗೂ ಇಲ್ಲೇ ಇರೋಣ ಅಂದುಕೊಂಡಿದ್ದೆವು ಎಂದು ಅವರಿಬ್ಬರೂ ಆಮೇಲೆ ನನ್ನೆದುರು ಹೇಳಿದರು. ಪದಗಳ ಬಗ್ಗೆ ಅವರದೇನೂ ದೂರಿರಲಿಲ್ಲ. ಝೈರಾಳ ಎದುರು ನಿಲ್ಲುವುದು ಅವರಿಂದ ಆಗದು, ಅಷ್ಟೇ. ಮೂವತ್ತೊಂದನೇ ತಾರೀಕಿಗೆ ಉಳಿದದ್ದು ಆರು ಹೆಸರು. ಒಂದನೇ ತರಗತಿ ಹೋಯಿತು.

ಮುಖ್ಯೋಪಾಧ್ಯಾಯರು ನನ್ನಿಂದ ನಡೆದದ್ದರ ಬಗ್ಗೆ ಲಿಖಿತ ವರದಿ ಕೇಳಿದರು. ನಾನು ಮೂರು ದಿನ ತೆಗೆದುಕೊಂಡೆ. ಮಕ್ಕಳು ಒಂದು ಪದವನ್ನೂ ತಪ್ಪಲಿಲ್ಲ ಎಂದು ಬರೆದೆ. ಟೀಚರ್ ಒಂದು ಮಗುವಿನ ಅಜ್ಜಿಯ ಮೇಲಿನ ವೈಯಕ್ತಿಕ ದ್ವೇಷಕ್ಕೆ ಪಾಠವನ್ನು ಬಳಸಿಕೊಂಡರು ಎಂದೂ ಬರೆದೆ. ಎರಡೂ ನಿಜ. ಎರಡನೇ ವಾಕ್ಯದ ಕೆಳಗೆ ಅವರು ಕೆಂಪು ಗೆರೆ ಎಳೆದರು.

ದೆಲ್ಫೀನಾಗೆ ನಕಲು ಸಿಕ್ಕಿತು. ಕಾರಿಡಾರಿನಲ್ಲಿ ನನ್ನ ಎದುರು ನಿಂತು, "ಚೆನ್ನಾಗಿ ಬರೆದಿದೀಯ. ನಿನ್ನಪ್ಪನ ಮಗಳೇ ನೀನು," ಎಂದಳು. ಅವಳು ಹೇಳಿದ್ದರಲ್ಲಿ ನನಗೆ ಚುಚ್ಚಿದ್ದು ಅದೊಂದೇ. ಆ ವರ್ಷ ಉಳಿದ ನಾಲ್ಕು ತಿಂಗಳು ಅವಳು ನನ್ನ ಜೊತೆ ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ. ಜೂನ್ ಕೊನೆಗೆ ತನ್ನ ಸಾಮಾನುಗಳನ್ನು ಎರಡು ಪೆಟ್ಟಿಗೆಯಲ್ಲಿ ಹೊತ್ತು ಹೊರಟಳು. ಬೀಳ್ಕೊಡುಗೆಗೆಂದು ನಾವು ತರಿಸಿದ್ದ ಕೇಕು ಸಿಬ್ಬಂದಿ ಕೋಣೆಯಲ್ಲೇ ಉಳಿಯಿತು.

ಬೆಟ್ಟದ, ಕಣಿವೆಯ ಶಾಲೆಗಳಿಗೆಲ್ಲ ಪಾಠದ ಗಂಟೆಗಳನ್ನು ಹಂಚುವುದು ಈ ಮುಖ್ಯೋಪಾಧ್ಯಾಯರದೇ ಕೆಲಸ. ಬೆಟ್ಟದಲ್ಲಿ ಗಂಟೆ ಇಲ್ಲದ ಟೀಚರನ್ನು ಗಂಟೆ ಇರುವ ಕಡೆ ಹಾಕಬೇಕು. ಬೆಟ್ಟದಿಂದ ಮಕ್ಕಳು ಇಳಿದು ಬಂದದ್ದರಿಂದ ಪೊಂತೆಲಾಗೊದಲ್ಲಿ ಆ ವರ್ಷ ಒಂದನೇ ತರಗತಿ ಎರಡು ವಿಭಾಗವಾಗಿತ್ತು, ಒಂದಕ್ಕೆ ಇಂಗ್ಲಿಷ್ ಟೀಚರ್ ಇರಲಿಲ್ಲ. ಹಿರಿತನದ ಪಟ್ಟಿಯಲ್ಲಿ ಮೊದಲ ಹೆಸರು ದೆಲ್ಫೀನಾಳದು.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದ ಮೊದಲ ದಿನ ಸಭೆಗೆಂದು ನಾನೂ ಕೆಳಗೆ ಹೋಗಿದ್ದೆ. ಇಪ್ಪತ್ತಾರು ತಿರುವುಗಳ ರಸ್ತೆ. ದೆಲ್ಫೀನಾಗೆ ಮೊದಲಿನಿಂದಲೂ ಬಸ್ಸಿನಲ್ಲಿ ವಾಂತಿ, ಮುಖ ಬೂದಿಯಾಗಿತ್ತು. ಆಗಲೇ ವಯಸ್ಸಾದಂತೆ ಕಂಡಳು. ತರಗತಿಯ ಬಾಗಿಲಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಮರೂಸ್ಕಾ ಹೊಸ ಚೀಲ, ಹೊಸ ಅಂಗಿಯ ಮಗಳನ್ನು ಕೈಹಿಡಿದುಕೊಂಡು ಕಾರಿಡಾರಿನ ಆ ತುದಿಯಿಂದ ಬಂದಳು. ಅರ್ಧ ದಾರಿಯಲ್ಲಿ ಕಾಲು ನಿಂತಿತು. ಕ್ಲೇಲ್ಯಾ ಕೈ ಬಿಡಿಸಿಕೊಂಡು ಓಡಿ ಬಂದು, ಟೀಚರನ್ನು ದಾಟಿ ಒಳಗೆ ನುಗ್ಗಿದಳು.

ಮರೂಸ್ಕಾ ನೇರ ಮುಖ್ಯೋಪಾಧ್ಯಾಯರ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು, ಎಲ್ಲರಿಗೂ ಕೇಳಿಸಿತು. ಬೇರೆ ವಿಭಾಗಕ್ಕೆ ಹಾಕಿ ಎಂದಳು, ಅದು ತುಂಬಿತ್ತು. ಹಾಗಾದರೆ ನದಿಯಾಚೆಯ ಶಾಲೆಗೆ ಬರೆದುಕೊಡಿ ಎಂದಳು. ಅವರು ಕನ್ನಡಕ ಹಾಕಿಕೊಂಡು ವೇಳಾಪಟ್ಟಿ ಹುಡುಕಿದರು.

"ಅಲ್ಲಿಗೂ ಗುರುವಾರ ಶುಕ್ರವಾರ ಅವರೇ ಹೋಗೋದಮ್ಮ," ಎಂದರು.

ಅವಳು ಮತ್ತೆ ಬಾಗಿಲಿಗೆ ಬಂದಳು. ದೆಲ್ಫೀನಾ ಅಲ್ಲೇ ನಿಂತಿದ್ದಳು, ಒಂದು ಹೆಜ್ಜೆಯೂ ಸರಿದಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ ರೀತಿ ನೋಡಿ ಪಕ್ಕದಲ್ಲಿದ್ದ ಒಬ್ಬ ತಂದೆ ತನ್ನ ಮಗುವನ್ನು ಹಿಂದಕ್ಕೆ ಎಳೆದುಕೊಂಡ.

"ಏನು ಕಲಿಸ್ತೀರಿ ಈ ವರ್ಷ?" ಎಂದಳು ಮರೂಸ್ಕಾ, ಹಲ್ಲು ಕಚ್ಚಿಕೊಂಡು. "ಮತ್ತೆ ಹಂದೀನಾ?"

"ಇಲ್ಲಪ್ಪ. ಪುಸ್ತಕದಲ್ಲಿ ಇರೋದನ್ನೇ. ನೀವೇ ಕೇಳಿದ್ರಲ್ಲ, ಪಾಠದ ಥರ ಪಾಠ ಅಂತ."

"ಪುಸ್ತಕದಲ್ಲಿ ಏನಿದೆ?"

"ಮೊದಲನೇ ಪಾಠ ಕುಟುಂಬ," ಎಂದಳು ದೆಲ್ಫೀನಾ. "ಅಪ್ಪ, ಅಮ್ಮ, ಅಜ್ಜಿ."

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.